ಆಜೀವ ನಿಷೇಧವೂ ನ್ಯಾಯಸ್ಥಾನವೂ

ಮೋಸದ ಆಟವಾಡಿದನೆಂದು ಕ್ರೀಡಾಸಂಸ್ಥೆಯು ಆಟಗಾರನೊಬ್ಬನನ್ನು ದಂಡಿಸಿದಾಗ, ಆತನು ಅದನ್ನು ತಲೆಬಾಗಿ ಹೊರತಕ್ಕದ್ದೋ ಅಥವಾ ನ್ಯಾಯಸ್ಥಾನವನ್ನು ಮೊರೆಹೊಗತಕ್ಕದ್ದೋ ಎಂಬ ವಿಚಾರದಲ್ಲಿ ಕೇರಳದ ವೇಗದ ಬೌಲರ್ ಶ್ರೀಶಾಂತರ ವ್ಯಾಜ್ಯವು ಬಹು ಬೋಧಪ್ರದವಾದುದು. ೨೦೦೭ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಪಾಕಿಸ್ತಾನದ ಕೊನೆಯ ವಿಕೆಟ್ಟಿನ ಕ್ಯಾಚನ್ನು ಹಿಡಿದು ಭಾರತಕ್ಕೆ ವಿಶ್ವಕಪ್ಪನ್ನು ತಂದವರು ಇವರೇ.

೨೦೧೩ರ ಮೇ ೧೬ರಂದು ದೆಹಲಿಯ ಪೊಲೀಸರು ಇವರನ್ನು ಮುಂಬಯಿಯಲ್ಲಿ ಸೆರೆಹಿಡಿದರು. ಅದಕ್ಕೆ ಒಂದು ವಾರ ಹಿಂದೆ ಮೊಹಾಲಿಯಲ್ಲಿ ನಡೆದ ಇಂಡಿಯನ್ ಪ್ರೀಮಿಯರ್ ಲೀಗಿನ ಪಂದ್ಯದಲ್ಲಿ, ಒಂದು ಓವರಿಗೆ ಹದಿನಾಲ್ಕು ರನ್ನುಗಳನ್ನಾದರೂ ಬಿಟ್ಟುಕೊಡುವುದಾಗಿ ಜೂಜುಕೋರರೊಡನೆ ಒಪ್ಪಂದವಿದ್ದಿತೆಂದೂ, ಸೊಂಟಕ್ಕೆ ಸಿಕ್ಕಿಸಿಕೊಂಡ ಟವೆಲ್ಲೇ ಅದರ ಸಂಕೇತವೆಂದೂ ಆರೋಪ. ಆ ಓವರಿನಲ್ಲಿ ಹೋದ ರನ್ನುಗಳು ಹದಿಮೂರು! ಸೆಪ್ಟೆಂಬರ್ ೧೩ರಂದು ಕ್ರಿಕೆಟ್ ನಿಯಂತ್ರಣ ಮಂಡಳಿಯು ಇವರಿಗೆ ಆಜೀವ ನಿಷೇಧವನ್ನು ವಿಧಿಸಿತು.

೨೦೧೫ರ ಜುಲೈಯಲ್ಲಿ ದೆಹಲಿಯ ನ್ಯಾಯಸ್ಥಾನವು ಇವರನ್ನು ಅಪರಾಧದ ಮೊಕದ್ದಮೆಯಿಂದ ಬಿಡುಗಡೆ ಮಾಡಿತು. ಆದರೂ ಮಂಡಳಿಯು ಕದಲಲಿಲ್ಲ. ಇದನ್ನು ಹಟವೆಂದು ಆಗ ಅನೇಕರು ಜರೆದರು. ಅದು ಅಷ್ಟೇನೂ ಸರಿಯಲ್ಲ. ದೇಶದ ಕಾನೂನಿನಂತೆ ಅಪರಾಧವಾಯಿತೇ ಎಂಬುದು ಒಂದು ಪ್ರಶ್ನೆ, ಸಂಸ್ಥೆಯ ನಿಯಮವು ಮುರಿಯಿತೇ ಎಂಬುದು ಬೇರೊಂದು. ಎರಡನೆಯದಕ್ಕೆ ಅಷ್ಟು ಕಠಿನವಾದ ರುಜುವಾತು ಬೇಕಿಲ್ಲ.

ಮಂಡಳಿಯು ಸರಕಾರದ ಅಂಗವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿಯೇ ತೀರ್ಮಾನಿಸಿದ್ದಿತು. ಆದರೆ ಅದು ನಡೆಸುವ ಕಾರ್ಯವು ಸಾರ್ವಜನಿಕ ಸ್ವರೂಪದ್ದಾದುದರಿಂದ, ಸಂವಿಧಾನದ ೨೨೬ನೆಯ ವಿಧಿಯಂತೆ ಉಚ್ಚ ನ್ಯಾಯಾಲಯಕ್ಕೆ ಹೋಗುವ ದಾರಿಯು ಮುಚ್ಚಿರಲಿಲ್ಲ. ಆ ದಾರಿಯನ್ನೇ ಶ್ರೀಶಾಂತರು ಹಿಡಿದರು. ೨೦೧೭ರ ಆಗಸ್ಟಿನಲ್ಲಿ ಕೇರಳದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ನಿಷೇಧವನ್ನು ತೆಗೆದುಹಾಕಿತು. ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠವು ಅದನ್ನು ಮರಳಿ ಹೇರಿತು.

೨೦೧೯ರ ಮಾರ್ಚ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ಆಜೀವ ದಂಡನೆಯನ್ನು ರದ್ದುಮಾಡಿದಾಗ ಅಭಿಮಾನಿಗಳು ‘ನಿರ್ದೋಷಿ’ ಎಂದು ಜಯಘೋಷ ಮಾಡಿದರು. ತೀರ್ಪನ್ನು ಓದಿದವರು ಹಾಗೆನ್ನಲಾರರು. ಮಂಡಳಿಯು ಕಂಡುಕೊಂಡ ದೋಷವನ್ನು ನ್ಯಾಯಮೂರ್ತಿಗಳು ಅಳಿಸಲಿಲ್ಲ. ದಂಡನೆಯ ಪ್ರಮಾಣವನ್ನು ಮಾತ್ರ ಮರಳಿ ತೂಗಿರೆಂದು ಆಜ್ಞಾಪಿಸಿದರು. ಆಗಸ್ಟಿನಲ್ಲಿ ನಿಷೇಧದ ಅವಧಿಯು ಏಳು ವರ್ಷಗಳಿಗೆ ಇಳಿಯಿತು.

ಇದೇ ಕಾಲದಲ್ಲಿ ಅಮೆರಿಕದ ಟಾಮ್ ಬ್ರೇಡಿಯೆಂಬ ಫುಟ್‌ಬಾಲ್ ಆಟಗಾರರೂ ನ್ಯಾಯಸ್ಥಾನದ ಮೆಟ್ಟಿಲೇರಿದ್ದರು. ಚೆಂಡಿನ ಗಾಳಿಯನ್ನು ನಿಯಮಕ್ಕಿಂತ ಕಡಮೆ ಮಾಡಿದ ಕೃತ್ಯವನ್ನು ಬಲ್ಲವರಾಗಿದ್ದರೆಂದು ಅಲ್ಲಿನ ಲೀಗು ೨೦೧೫ರಲ್ಲಿ ಇವರನ್ನು ನಾಲ್ಕು ಪಂದ್ಯಗಳಿಂದ ಹೊರಗಿರಿಸಿತು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದು, ೨೦೧೬ರಲ್ಲಿ ಅಪೀಲಿನ ಪೀಠದಲ್ಲಿ ಇಬ್ಬರಿಗೆ ಒಬ್ಬರಂತೆ ಸೋತರು. ಆಟಗಾರರ ಸಂಘವೇ ಒಪ್ಪಿದ ಕರಾರು ಲೀಗಿನ ಅಧ್ಯಕ್ಷನಿಗೆ ಆ ಅಧಿಕಾರವನ್ನು ಕೊಟ್ಟಿದ್ದಿತು. ಪೀಠವು ನೋಡಿದ್ದು ಅದನ್ನೇ, ಚೆಂಡಿನ ಗಾಳಿಯನ್ನಲ್ಲ. ವ್ಯಾಜ್ಯವನ್ನು ಮುಂದುವರಿಸದೆ ನಾಲ್ಕು ಪಂದ್ಯಗಳನ್ನು ಕಳೆದು ಬಂದ ಬ್ರೇಡಿಯವರ ತಂಡವೇ ೨೦೧೭ರ ಫೆಬ್ರವರಿಯಲ್ಲಿ ಚಾಂಪಿಯನ್ ಆಯಿತು.

ನಾಲ್ಕು ಪಂದ್ಯಗಳ ನಷ್ಟಕ್ಕಾಗಿ ವರ್ಷವಿಡೀ ಹೋರಾಡುವುದು ಅಷ್ಟೇನೂ ಲಾಭದ ಮಾತಲ್ಲ. ಆಜೀವ ನಿಷೇಧಕ್ಕೊಳಗಾದವನಿಗೆ ಮಾತ್ರ ಬೇರೆ ದಾರಿಯಿಲ್ಲ. ಶ್ರೀಶಾಂತರು ಸುಮ್ಮನಿದ್ದಿದ್ದರೆ ಮಂಡಳಿಯು ತಾನಾಗಿ ಏಳು ವರ್ಷಕ್ಕೆ ಇಳಿಯುತ್ತಿತ್ತೆಂದು ನಂಬಲು ಆಧಾರವಿಲ್ಲ. ಆದರೆ ವೇಗದ ಬೌಲರಿನ ದೇಹವು ತೀರ್ಪಿಗಾಗಿ ಕಾಯುವುದಿಲ್ಲ. ದಂಡನೆ ಬಿದ್ದಾಗ ಅವರಿಗೆ ಮೂವತ್ತು ವಯಸ್ಸು. ೨೦೨೦ರ ಸೆಪ್ಟೆಂಬರಿನಲ್ಲಿ ಅದು ತೀರಿದಾಗ ಮೂವತ್ತೇಳು. ೨೦೨೧ರ ಜನವರಿಯಲ್ಲಿ ಕೇರಳದ ಪರವಾಗಿ ಮತ್ತೆ ಚೆಂಡನ್ನು ಹಿಡಿದರು. ಭಾರತ ತಂಡದ ಕರೆ ಬರಲಿಲ್ಲ. ೨೦೨೨ರ ಮಾರ್ಚಿಯಲ್ಲಿ ಆಟದಿಂದ ನಿವೃತ್ತರಾದರು.