ನಮ್ಮ ಮನಿಯ ನಾಕು ಒಲಿ

ನಮ್ಮ ಮನ್ಯಾಗ ನಾಕು ಒಲಿ ಅದಾವ. ಬಚ್ಚಲದಾಗ ಹಂಡೆ ಒಲಿ, ಅಟ್ಟದ ಮ್ಯಾಲ ಹಿತ್ತಾಳಿ ಸ್ಟೋ, ಅಡಗಿಮನ್ಯಾಗ ಗ್ಯಾಸು, ಅದರ ಬಾಜೂಕ ಮಗಳು ತಂದಿಟ್ಟ ಕರೆಂಟಿನ ಒಲಿ. ಹ್ವಾದ ವಾರ ಅಟ್ಟ ಸ್ವಚ್ಛ ಮಾಡುವಾಗ ಸ್ಟೋ ಕೈಗೆ ಸಿಕ್ತು. "ಗುಜರಿಗೆ ಹಾಕಿಬಿಡವ್ವಾ" ಅಂದ್ಲು ಮಗಳು. "ಗ್ಯಾಸ್ ಮುಗದ್ರ ಬೇಕಾಗತೈತಿ" ಅಂದೆ. ನಮ್ಮ ಮನಿಗೆ ಚಿಮಣಿ ಎಣ್ಣಿ ತರೂದು ನಿಂತು ಎಷ್ಟೋ ವರ್ಷ ಆಗೇತಿ, ಆದರೂ ಬಾಯಿಗೆ ಅದ ಮಾತು ಬಂತು.

ಆಮ್ಯಾಲ ಕುಂತು ವಿಚಾರ ಮಾಡಿದೆ. ನಮ್ಮ ಆಯಿ ಹತ್ತಿಕಟಗಿ, ಕುಳ್ಳು ಒಟ್ಟಿ, ಊದುಗೊಳವಿ ಹಿಡಿದು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಾಕಿ. ರಾತ್ರಿಯೆಲ್ಲಾ ಕೆಮ್ಮತಿದ್ಲು; ಅದು ಹೊಗಿ ಕೆಮ್ಮು ಅಂತ ಆಗ ಯಾರೂ ಅನ್ನಲಿಲ್ಲ. ಸ್ಟೋ ಬಂತು, ಚಾ ಅದರ ಮ್ಯಾಲ ಆತು, ರೊಟ್ಟಿ ಮಾತ್ರ ಕಟಗಿ ಒಲಿ ಮ್ಯಾಲ. ಗ್ಯಾಸ್ ಬಂತು, ಅನ್ನ ಸಾರು ಅದರ ಮ್ಯಾಲ ಆತು, ಕಟಗಿ ಒಲಿ ಬಚ್ಚಲಕ್ಕ ಹೋತು. ಹೊಸಾ ಒಲಿ ಬಂದಾಗೆಲ್ಲಾ ಹಳೇದು ಆರಲಿಲ್ಲ, ಬರೇ ಜಾಗಾ ಬದಲಿ ಮಾಡಿತು.

ನಮ್ಮ ನಾಡಿನ ಕರೆಂಟಿನ ಇತಿಹಾಸಾನೂ ಹಿಂಗ ಐತಿ ನೋಡ್ರಿ. 1902ರಲ್ಲಿ ಶಿವನಸಮುದ್ರದಾಗ ಕಾವೇರಿ ನೀರಿನಿಂದ ಕರೆಂಟ್ ತೆಗೆದು, ಸುಮಾರು 147 ಕಿಲೋಮೀಟರ್ ತಂತಿ ಎಳೆದು, ಮೊದಲು ಕೊಟ್ಟದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದ್ರ ಕರೆಂಟ್ ಹುಟ್ಟಿದ್ದು ಮನಿ ಬೆಳಗಾಕಲ್ಲ, ಬಂಗಾರ ತೆಗಿಯಾಕ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆತು. ಎಷ್ಟೋ ಊರು ಮುಳುಗಿದ್ವು. ಅಲ್ಲಿಯ ಮಂದಿ ಮನಿ ಮಠ ಬಿಟ್ಟು ಹೋದ ಮ್ಯಾಲ ಉಳಿದವರ ಮನ್ಯಾಗ ದೀಪ ಹತ್ತಿತು.

ನೀರಿನ ಕರೆಂಟಿಗೆ ಮಳಿ ಬೇಕು. ಮಳಿ ಕೈಕೊಟ್ಟ ವರ್ಷ ಕರೆಂಟೂ ಕೈಕೊಡತಿತ್ತು. ಹಂಗಾಗಿ 1985ರಲ್ಲಿ ರಾಯಚೂರಿನ ಶಕ್ತಿನಗರದಾಗ ಕಲ್ಲಿದ್ದಲ ಒಲಿ ಹಚ್ಚಿದರು. ಕಲ್ಲಿದ್ದಲು ನಮ್ಮ ನೆಲದಾಗಿಲ್ಲ, ಸಿಂಗರೇಣಿಯಂಥ ಗಣಿಗಳಿಂದ ರೈಲಿನ್ಯಾಗ ಬರಬೇಕು, ನೀರು ಕೃಷ್ಣೆಯದು. ಒಂದೊಂದಾಗಿ ಎಂಟು ಘಟಕ ಆಗಿ 1720 ಮೆಗಾವ್ಯಾಟಿಗೆ ಮುಟ್ಟಿತು. ಆಮ್ಯಾಲ ನಮ್ಮ ಕಪ್ಪತಗುಡ್ಡದ ಕಡೆ ಗಾಳಿ ಫ್ಯಾನು ತಿರುಗಿದ್ವು. ಪಾವಗಡದಾಗ ಸುಮಾರು 13,000 ಎಕರೆದಾಗ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಆತು. ಅಲ್ಲಿ ಭೂಮಿ ಖರೀದಿ ಮಾಡಲಿಲ್ಲ, ರೈತರಿಂದ ಬಾಡಗಿಗೆ ತಗೊಂಡರು. ಹೊಲ ಇದ್ದವರಿಗೆ ವರ್ಷಾ ರೊಕ್ಕ ಬರತೈತಿ. ಇನ್ನೊಬ್ಬರ ಹೊಲದಾಗ ಕೂಲಿ ಮಾಡೂರಿಗೆ ಆ ಕೂಲಿ ಹೋತು.

ಇಷ್ಟೆಲ್ಲಾ ಬಂದರೂ ಕಲ್ಲಿದ್ದಲ ಒಲಿ ಆರಿಲ್ಲ. ದೇಶದ ಕರೆಂಟಿನ್ಯಾಗ ಮುಕ್ಕಾಲು ಪಾಲಿನ ಹತ್ರ ಇನ್ನೂ ಅದರದ್ದ. 2021ರಲ್ಲಿ ಗ್ಲಾಸ್ಗೋ ಸಭಾದಾಗ ನಮ್ಮ ಪ್ರಧಾನಿ 2070ಕ್ಕ ನೆಟ್ ಜೀರೋ ಮುಟ್ಟತೇವಿ ಅಂದರು. ಜೀರೋ ಅಂದ್ರ ಒಲಿ ಹಚ್ಚಬ್ಯಾಡ್ರಿ ಅಂತಲ್ಲ. ನಾವು ಗಾಳಿಗೆ ಬಿಡೂ ಇಂಗಾಲ ಎಷ್ಟೋ ಅಷ್ಟನ್ನ ಗಿಡ, ಮಣ್ಣು, ಯಂತ್ರದಿಂದ ವಾಪಸ್ ಹಿಡಿಯಬೇಕು. ಎಲ್ಲಾನೂ ಹಿಡಿಯಾಕ ಆಗೂದಿಲ್ಲ, ಹಂಗಾಗಿ ಬಿಡೂದನ್ನ ಬಹಳ ಕಡಿಮಿ ಮಾಡಬೇಕು. ನೂರಾ ಇಪ್ಪತ್ತು ವರ್ಷ ನಾವು ಒಲಿಗೆ ಒಲಿ ಕೂಡಿಸಿದ್ದೇವಿ. ಒಂದನ್ನ ಆರಿಸೂ ಕೆಲಸ ಎಂದೂ ಮಾಡಿಲ್ಲ.

ಅದು ಸರಳನೂ ಅಲ್ಲ. ನಾವು ರೊಟ್ಟಿ ಬಡಿಯೂ ಹೊತ್ತಿಗೆ ಸೂರ್ಯ ಮುಳುಗಿರತಾನ. ಹಗಲಿನ ಕರೆಂಟನ್ನ ರಾತ್ರಿಗೆ ಕೂಡಿಡಬೇಕಂದ್ರ ಬ್ಯಾಟರಿ ಬೇಕು, ಇಲ್ಲಾ ಹಗಲು ನೀರನ್ನ ಮ್ಯಾಲಿನ ಕೆರಿಗೆ ಪಂಪ್ ಮಾಡಿ ರಾತ್ರಿ ಕೆಳಗ ಬಿಡಬೇಕು. ಶರಾವತಿ ಕಣಿವ್ಯಾಗ ಅಂಥಾ 2000 ಮೆಗಾವ್ಯಾಟಿನ ಯೋಜನಾ ಹಾಕ್ಯಾರ. ಸಿಂಗಳೀಕ ಇರೂ ಕಾಡು ಕಡೀಬೇಕಾಗತೈತಿ ಅಂತ ಅಲ್ಲಿಯವರು ವಿರೋಧ ಮಾಡ್ಯಾರ. ಒಮ್ಮೆ ಊರು ಕೊಟ್ಟ ಕಣಿವಿನ್ನ ಮತ್ತೊಮ್ಮೆ ಕೇಳಾಕತ್ತೇವಿ.

ನನ್ನ ತಮ್ಮ ಹಾರುಬೂದಿ ಲಾರಿ ಹೊಡೀತಾನ. ಕಲ್ಲಿದ್ದಲು ಸುಟ್ಟು ಉಳಿದ ಬೂದಿಯನ್ನ ಸಿಮೆಂಟು, ಇಟ್ಟಂಗಿ ಮಾಡೂರಿಗೆ ಮುಟ್ಟಿಸೂ ಕೆಲಸ. ನಾನು ಇದನ್ನೆಲ್ಲಾ ಫೋನಿನ್ಯಾಗ ಹೇಳಿದಾಗ ಅಂವ ಒಂದ ಮಾತು ಕೇಳಿದ: "ಅಕ್ಕಾ, ಆ ಒಲಿ ಆರಿದ್ರ ನನ್ನ ಮನಿ ಒಲಿ ಹೆಂಗ ಹತ್ತತೈತಿ?" ನನಗ ಉತ್ತರ ಸಿಗಲಿಲ್ಲ. ಆಯಿಯ ಕೆಮ್ಮೂ ಕಿವಿಯಾಗೈತಿ, ತಮ್ಮನ ಮಾತೂ ಕಿವಿಯಾಗೈತಿ.

ಆಯಿ ಉರಿಯೂ ಒಲಿಗೆ ನೀರು ಸುರಿಯಾಕ ಬಿಡತಿದ್ದಿಲ್ಲ, ಮಣ್ಣಿನ ಒಲಿ ಸೀಳತೈತಿ ಅಂತಿದ್ಲು. ಕಟಗಿ ಒಂದೊಂದ ಹಿಂದಕ ಎಳೆದು, ಉಳಿದ ಕೆಂಡದ ಮ್ಯಾಲ ಹಾಲಿನ ಗಡಗಿ ಇಡತಿದ್ಲು. ಒಲಿ ಆರೂದ್ರಾಗ ಹಾಲು ಕಾಯ್ತಿತ್ತು. 2070ಕ್ಕ ಇನ್ನೂ ವರ್ಷ ಅದಾವ, ಆದರ ಕಟಗಿ ಎಳಿಯೂ ಕೆಲಸ ಈಗ ಸುರು ಆಗಬೇಕು. ತಮ್ಮನಂಥವರಿಗೆ ಬ್ಯಾರೆ ಕೆಲಸ ಕಲಿಸೂದೂ ಈಗ ಸುರು ಆಗಬೇಕು.

ಮರುದಿನ ಸ್ಟೋ ಗುಜರಿಯವನಿಗೆ ಕೊಟ್ಟೆ. ಹಂಡೆ ಒಲಿ ಇನ್ನೂ ಐತಿ. ಅದನ್ನ ತೆಗಿಯೂ ಮೊದಲ ಬಿಸಿನೀರು ಎಲ್ಲಿಂದ ಬರತೈತಿ ಅಂತ ಗೊತ್ತಾಗಬೇಕಲ್ರೀ.