ಹುಲ್ಲುಬೆಳೆಗಳಲ್ಲಿ ಸಸ್ಯ ಹಾರ್ಮೋನು ಮತ್ತು ಜೀನ್ ಚಟುವಟಿಕೆ

ಜೋಳ, ಭತ್ತ, ಸಜ್ಜೆ, ಗೋಧಿ, ಮೆಕ್ಕೆಜೋಳ ಎಲ್ಲವೂ ಹುಲ್ಲಿನ ಕುಟುಂಬಕ್ಕೆ ಸೇರಿದ ಬೆಳೆಗಳು. ಇವುಗಳ ಎತ್ತರ, ತೆಂಡೆಗಳ ಸಂಖ್ಯೆ, ಬೀಜದ ಮೊಳಕೆ, ಬರ ಮತ್ತು ನೆರೆಯನ್ನು ತಾಳುವ ಶಕ್ತಿ ಬಹುಪಾಲು ಹಾರ್ಮೋನುಗಳ ಹತೋಟಿಯಲ್ಲಿವೆ. ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುವ ಈ ರಾಸಾಯನಿಕಗಳು ಜೀವಕೋಶದೊಳಗೆ ಯಾವ ಜೀನ್ ಕೆಲಸಕ್ಕೆ ಇಳಿಯಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತವೆ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಬೆಳೆಯ ಎತ್ತರದ ಚರಿತ್ರೆಯ ಎರಡು ಕವಲುಗಳು ಅಕ್ಕಪಕ್ಕದಲ್ಲೇ ಬೆಳೆದು ನಿಂತಿವೆ. ಎರಿ ಭೂಮಿಯಲ್ಲಿ ಆಳೆತ್ತರ ಮೀರುವ ಹಿಂಗಾರಿ ಜೋಳ, ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಗಿಡ್ಡ ಭತ್ತ. ಹಸಿರು ಕ್ರಾಂತಿಯ ಗಿಡ್ಡ ತಳಿಗಳನ್ನು ಕೃಷಿ ಬರಹಗಳು ಒಂದೇ ಕಥೆಯಾಗಿ ಹೇಳಿಬಿಡುವುದುಂಟು. ಗೋಧಿ, ಭತ್ತ, ಜೋಳ ಈ ಮೂರೂ ಬೇರೆ ಬೇರೆ ದಾರಿಯಲ್ಲಿ ಗಿಡ್ಡವಾದವು ಎಂಬುದು 1999ರಿಂದ ಈಚೆಗಷ್ಟೇ ಸ್ಪಷ್ಟವಾಯಿತು. ಆದ್ದರಿಂದ ಗಿಡ್ಡತನದ ಭಾಗಕ್ಕೆ ಇಲ್ಲಿ ಹೆಚ್ಚು ಜಾಗ ಕೊಡಲಾಗಿದೆ.

ಆರಂಭ

ಸಸ್ಯ ಹಾರ್ಮೋನುಗಳ ಶೋಧ ಹುಲ್ಲಿನಿಂದಲೇ ಶುರುವಾಯಿತು. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ ಕ್ಯಾನರಿ ಹುಲ್ಲಿನ ಮೊಳಕೆ ಬೆಳಕಿನತ್ತ ಬಾಗುವುದನ್ನು ಪರೀಕ್ಷಿಸಿ, ತುದಿಯಿಂದ ಏನೋ ಪ್ರಭಾವ ಕೆಳಗಿಳಿಯುತ್ತದೆ ಎಂದು ತೋರಿಸಿದರು. 1920ರ ದಶಕದ ಕೊನೆಯಲ್ಲಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿಯಿಂದ ಆ ವಸ್ತುವನ್ನು ಅಗರ್ ತುಂಡಿಗೆ ಇಳಿಸಿಕೊಂಡರು. ಅದೇ ಆಕ್ಸಿನ್. ಭತ್ತದ ಸಸಿ ಅತಿಯಾಗಿ ನೀಳಗೊಂಡು ಬಿದ್ದುಹೋಗುವ ಬಕಾನೆ ರೋಗಕ್ಕೆ ಶಿಲೀಂಧ್ರವೇ ಮೂಲವೆಂದು ಜಪಾನಿನಲ್ಲಿ 1898ರಲ್ಲೇ ತಿಳಿದಿತ್ತು. ಶಿಲೀಂಧ್ರವಿಲ್ಲದೆ, ಅದು ಸ್ರವಿಸಿದ ದ್ರವ ಮಾತ್ರದಿಂದಲೂ ಸಸಿ ನೀಳವಾಗುತ್ತದೆ ಎಂದು ಎಯಿಚಿ ಕುರೊಸಾವ 1926ರಲ್ಲಿ ತೋರಿಸಿದರು. ತೇಯಿಜಿರೊ ಯಬೂಟ 1935ರಲ್ಲಿ ಅದಕ್ಕೆ ಗಿಬ್ಬರೆಲಿನ್ ಎಂದು ಹೆಸರಿಟ್ಟರು.

ಹಾರ್ಮೋನು ಜೀನ್‌ಗಳ ಮೇಲೇ ಕೆಲಸ ಮಾಡುತ್ತದೆ ಎಂಬ ಸಾಕ್ಷ್ಯ ಬಾರ್ಲಿ ಕಾಳಿನಿಂದ ಬಂತು. ಕಾಳು ನೆನೆದಾಗ ಭ್ರೂಣದಿಂದ ಗಿಬ್ಬರೆಲಿನ್ ಹೊರಟು, ಪಿಷ್ಟವನ್ನು ಸುತ್ತುವರಿದ ಅಲ್ಯೂರೋನ್ ಪದರವನ್ನು ಮುಟ್ಟುತ್ತದೆ. ಆ ಪದರ ಪಿಷ್ಟವನ್ನು ಸಕ್ಕರೆ ಮಾಡುವ ಅಮೈಲೇಸ್ ಕಿಣ್ವವನ್ನು ಹೊರಬಿಡುತ್ತದೆ. ಕಿಣ್ವ ಮೊದಲೇ ಕಾಳಿನಲ್ಲಿ ಅಡಗಿತ್ತೋ, ಹೊಸದಾಗಿ ತಯಾರಾಯಿತೋ ಎಂಬ ಪ್ರಶ್ನೆಯನ್ನು ಫಿಲ್ನರ್ ಮತ್ತು ವಾರ್ನರ್ 1967ರಲ್ಲಿ ಬಗೆಹರಿಸಿದರು. ಭಾರವಾದ ಆಮ್ಲಜನಕವಿರುವ ನೀರಿನಲ್ಲಿ ಕಾಳನ್ನು ಇಟ್ಟಾಗ ಕಿಣ್ವವೂ ಭಾರವಾಯಿತು, ಅಂದರೆ ಅದು ಹೊಸ ಸೃಷ್ಟಿ. 1995ರಲ್ಲಿ ಅಮೈಲೇಸ್ ಜೀನನ್ನು ಚಾಲೂ ಮಾಡುವ ಗಾಮಿಬ್ ಎಂಬ ಪ್ರೋಟೀನನ್ನು ಬಾರ್ಲಿಯಲ್ಲಿ ಗುರುತಿಸಲಾಯಿತು. ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಇದೇ ಕ್ರಿಯೆಗೆ ತಡೆಯೊಡ್ಡುತ್ತದೆ.

ಗಿಡ್ಡತನದ ಮೂರು ದಾರಿ

ಜೀವಕೋಶದ ಕೇಂದ್ರದಲ್ಲಿ ಡೆಲ್ಲಾ ಎಂಬ ಪ್ರೋಟೀನು ಬೆಳವಣಿಗೆಯ ಜೀನ್‌ಗಳನ್ನು ತಡೆಹಿಡಿದಿರುತ್ತದೆ. ಭತ್ತದಲ್ಲಿ ಇದರ ಹೆಸರು ಎಸ್‌ಎಲ್‌ಆರ್1. ಗಿಬ್ಬರೆಲಿನ್ ತನ್ನ ಗ್ರಾಹಕವಾದ ಜಿಐಡಿ1ಕ್ಕೆ ಅಂಟಿದೊಡನೆ ಅವೆರಡೂ ಸೇರಿ ಎಸ್‌ಎಲ್‌ಆರ್1 ಅನ್ನು ಹಿಡಿಯುತ್ತವೆ, ಕೋಶ ಅದನ್ನು ಒಡೆದುಹಾಕುತ್ತದೆ, ತಡೆ ತೆರವಾಗಿ ಕಾಂಡ ನೀಳವಾಗುತ್ತದೆ. ಈ ಗ್ರಾಹಕ ಮೊದಲು ಸಿಕ್ಕಿದ್ದು ಭತ್ತದಲ್ಲೇ, 2005ರಲ್ಲಿ.

ಗೋಧಿಯ ನೋರಿನ್ 10 ತಳಿಯಿಂದ ಬಂದ ಗಿಡ್ಡತನದಲ್ಲಿ ಡೆಲ್ಲಾ ಪ್ರೋಟೀನೇ ಬದಲಾಗಿದೆ. ಗಿಬ್ಬರೆಲಿನ್ ಇದ್ದರೂ ಗಿಡ ಓಗೊಡುವುದಿಲ್ಲ. ಇದು 1999ರಲ್ಲಿ ತಿಳಿಯಿತು. ಭತ್ತದ ವಿಷಯ ಬೇರೆ. 1966ರ ಐಆರ್ 8 ತಳಿಗೆ ಗಿಡ್ಡತನ ಕೊಟ್ಟದ್ದು ತೈವಾನಿನ ಡೀ-ಜಿಯೊ-ವೂ-ಜೆನ್. ಅದರ ಎಸ್‌ಡಿ1 ಜೀನ್‌ನಲ್ಲಿ 383 ಅಕ್ಷರಗಳಷ್ಟು ಡಿಎನ್‌ಎ ಬಿಟ್ಟುಹೋಗಿದೆಯೆಂದು 2002ರಲ್ಲಿ ಗೊತ್ತಾಯಿತು. ಗಿಬ್ಬರೆಲಿನ್ ತಯಾರಿಸುವ ಕಿಣ್ವವೊಂದು ಇಲ್ಲದ ಕಾರಣ ಇಲ್ಲಿ ಹಾರ್ಮೋನೇ ಕಡಿಮೆ. ಬೇರೆ ಅಂಗಗಳಲ್ಲಿ ಇದೇ ಕೆಲಸದ ಇನ್ನೊಂದು ಜೀನ್ ಇರುವುದರಿಂದ ತೆನೆಗೆ ಧಕ್ಕೆಯಿಲ್ಲ. ಕಾಂಡ ಮಾತ್ರ ಮೋಟಾಗಿ, ಗೊಬ್ಬರ ಹೆಚ್ಚು ಹಾಕಿದರೂ ಗಿಡ ಒರಗುವುದಿಲ್ಲ.

ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿದ ಮೇಲೆ ಸುರಪುರ, ಶಹಾಪುರಗಳಿಗೆ ಕಾಲುವೆ ನೀರು ಬಂತು. ಯೋಜನೆ ರೂಪುಗೊಂಡದ್ದು ಮಿತ ನೀರಿನ ಬೆಳೆಗಳಿಗೆ, ರೈತರು ನೆಚ್ಚಿದ್ದು ಭತ್ತವನ್ನು. ಇಲ್ಲಿ ಸೋನಾಮಸೂರಿಯೆಂದು ಮಾರುಕಟ್ಟೆಗೆ ಹೋಗುವ ಅಕ್ಕಿಯಲ್ಲಿ ಮುಖ್ಯವಾದದ್ದು ಆಂಧ್ರದ ಬಾಪಟ್ಲಾದಲ್ಲಿ ರೂಪುಗೊಂಡ ಬಿಪಿಟಿ 5204. ಅದರ ವಂಶದಲ್ಲಿ ಡೀ-ಜಿಯೊ-ವೂ-ಜೆನ್‌ನ ಸಂತತಿಯಾದ ತೈಚುಂಗ್ ನೇಟಿವ್ 1 ಇದೆ.

ಜೋಳದಲ್ಲಿ ಕ್ವಿನ್ಬಿ ಮತ್ತು ಕಾರ್ಪರ್ 1954ರಲ್ಲಿ ನಾಲ್ಕು ಗಿಡ್ಡ ಜೀನ್‌ಗಳನ್ನು ಹೆಸರಿಸಿದ್ದರು. ಅವುಗಳಲ್ಲಿ ಡಿಡಬ್ಲ್ಯು3 ಯಾವುದೆಂದು 2003ರಲ್ಲಿ ಗೊತ್ತಾದಾಗ ಗಿಬ್ಬರೆಲಿನ್‌ಗೆ ಅಲ್ಲಿ ಪಾತ್ರವೇ ಇರಲಿಲ್ಲ. ಅದು ಆಕ್ಸಿನ್ ಸಾಗಿಸುವ ಪ್ರೋಟೀನಿನ ಜೀನ್. ಸಾಗಣೆ ಕೆಟ್ಟ ಗಿಡದಲ್ಲಿ ಕೆಳಗಿನ ಗಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ, ತೆನೆ ಹೊತ್ತ ತುದಿಯ ದಂಟು ಹೆಚ್ಚುಕಡಿಮೆ ಮಾಮೂಲಿಯಾಗಿಯೇ ಇರುತ್ತದೆ. ಈ ಗಿಡ್ಡ ರೂಪ ಹುಟ್ಟಿದ್ದು ಜೀನ್‌ನೊಳಗೆ 882 ಅಕ್ಷರಗಳ ತುಣುಕು ಇಮ್ಮಡಿಯಾದದ್ದರಿಂದ. ಆ ಜೋಡಿಯಲ್ಲಿ ಒಂದು ಆಗಾಗ ಕಳಚಿಹೋಗುತ್ತದೆ. ಆಗ ಗಿಡ್ಡ ಪೈರಿನ ನಡುವೆ ಒಂದೆರಡು ಗಿಡ ತಲೆಯೆತ್ತಿ ನಿಲ್ಲುತ್ತವೆ. ಬೆರಕೆ ಬೀಜವೆಂಬ ಅನುಮಾನ ಸಹಜ, ಆದರೆ ಅದು ಅದೇ ತಳಿಯ ಗಿಡ. ಡಿಡಬ್ಲ್ಯು1 ಕುರಿತ 2016–17ರ ಸಂಶೋಧನೆ ಬ್ರಾಸಿನೊಸ್ಟೆರಾಯ್ಡ್ ಎಂಬ ಇನ್ನೊಂದು ಹಾರ್ಮೋನಿನತ್ತ ಕೈತೋರಿತು.

ಭಾರತದ ಮೊದಲ ಜೋಳದ ಹೈಬ್ರಿಡ್ ಸಿಎಸ್‌ಎಚ್ 1 ಅಮೆರಿಕದ ಗಿಡ್ಡ ತಾಯಿಯಿಂದ 1964ರಲ್ಲಿ ಬಂತು. ಹಿಂಗಾರಿಯಲ್ಲಿ ಮಾತ್ರ ಮಾಲ್ದಂಡಿಯ ಆಯ್ಕೆಯಾದ ಎತ್ತರದ ಎಂ 35-1 ಗಟ್ಟಿಯಾಗಿ ಉಳಿಯಿತು. ಕಾಳಿನಷ್ಟೇ ಕಣಿಕೆಯೂ ಬೇಕಾದ ಸೀಮೆಯಲ್ಲಿ ಎತ್ತರವೇ ಆದಾಯ. ದನಗಳನ್ನು ಬೇಸಿಗೆ ದಾಟಿಸುವುದು ಬಣವಿಯಲ್ಲಿರುವ ಕಣಿಕೆ. ಗಿಡ್ಡ ಬೆಳೆಯೇ ಪ್ರಗತಿಯೆಂದು ಬರೆಯುವ ಇತಿಹಾಸ ಈ ಲೆಕ್ಕವನ್ನು ಬಿಟ್ಟುಬಿಡುತ್ತದೆ.

ನೆರೆ

ಭತ್ತ ಮುಳುಗಿದಾಗ ಗಿಡದೊಳಗೆ ಎಥಿಲೀನ್ ಎಂಬ ಹಾರ್ಮೋನು ಸೇರಿಕೊಳ್ಳುತ್ತದೆ. ಸಾಧಾರಣ ತಳಿ ಆಗ ನೀರಿನ ಮೇಲೇಳಲು ಹಿಗ್ಗಿ ತನ್ನ ಸಕ್ಕರೆಯನ್ನೆಲ್ಲ ಖರ್ಚು ಮಾಡುತ್ತದೆ. ಹೀಗಾಗದಂತೆ ತಡೆಯುವ, 2006ರಲ್ಲಿ ಪ್ರಕಟವಾದ ಸಬ್1ಎ ಜೀನ್ ಒಡಿಶಾದ ಎಫ್‌ಆರ್ 13ಎ ಭತ್ತದ್ದು. ಎಥಿಲೀನ್ ಇದನ್ನು ಎಬ್ಬಿಸುತ್ತದೆ, ಇದು ಎಸ್‌ಎಲ್‌ಆರ್1 ಅನ್ನು ಹೆಚ್ಚಿಸಿ ಗಿಬ್ಬರೆಲಿನ್‌ನ ಕೆಲಸ ತಡೆಯುತ್ತದೆ, ಗಿಡ ಸುಮಾರು ಎರಡು ವಾರ ಅಲುಗದೆ ಕಾಯುತ್ತದೆ. ಬಿಪಿಟಿ 5204ಕ್ಕೂ ಈ ಜೀನನ್ನು ಸೇರಿಸಲಾಗಿದೆ. ಕೃಷ್ಣೆ, ಭೀಮೆಯರ ನೆರೆ ನುಗ್ಗುವ ತಗ್ಗಿನ ಗದ್ದೆಗಳಿಗೆ ಇದು ನೇರವಾಗಿ ಸಂಬಂಧಿಸಿದ ಮಾತು.

ಸ್ಟ್ರೈಗೊಲ್ಯಾಕ್ಟೋನ್: ಮುಗಿಯದ ವಾದ

ಜೋಳದ ಬೇರಿಗೆ ಅಂಟಿ ಅದರ ರಸ ಹೀರುವ ಕಳೆ ಸ್ಟ್ರೈಗಾ. ಅದರ ಸಣ್ಣ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದು, ಬೇರಿನಿಂದ ಸೂಸುವ ರಾಸಾಯನಿಕದ ಸುಳಿವು ಸಿಕ್ಕಾಗ ಮೊಳೆಯುತ್ತದೆ. ಸ್ಟ್ರೈಗೊಲ್ಯಾಕ್ಟೋನ್ ಎನ್ನುವ ಆ ರಾಸಾಯನಿಕಗಳಲ್ಲಿ ಮೊದಲನೆಯದಾದ ಸ್ಟ್ರೈಗಾಲ್ ಅನ್ನು 1966ರಲ್ಲಿ ಬೇರ್ಪಡಿಸಿದ್ದು ಜೋಳದಿಂದಲ್ಲ, ಹತ್ತಿಯ ಬೇರಿನಿಂದ. ಹತ್ತಿ ಈ ಕಳೆಗೆ ಆಸರೆಯಲ್ಲ. ಹತ್ತಿಯ ಹೊಲದಲ್ಲಿ ಮೊಳೆತ ಸ್ಟ್ರೈಗಾ ಅನ್ನವಿಲ್ಲದೆ ಸಾಯುತ್ತದೆ. ಜೋಳ, ಹತ್ತಿ ಎರಡನ್ನೂ ಬೆಳೆಯುವ ಯಾದಗಿರಿ ಜಿಲ್ಲೆಯಲ್ಲಿ ಬೆಳೆ ಬದಲಾಯಿಸುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಗಿಡ ತನ್ನ ಶತ್ರುವನ್ನು ತಾನೇ ಏಕೆ ಕರೆಯುತ್ತದೆ ಎಂಬುದಕ್ಕೆ 2005ರಲ್ಲಿ ಉತ್ತರ ದೊರೆಯಿತು. ರಂಜಕ ತಂದುಕೊಡುವ ಬೇರಿನ ಶಿಲೀಂಧ್ರಗಳನ್ನು ಕರೆಯುವುದೂ ಇದೇ ರಾಸಾಯನಿಕ. 2008ರಲ್ಲಿ ಎರಡು ತಂಡಗಳು ಕವಲೊಡೆಯುವುದನ್ನು ತಡೆಯುವ ಹಾರ್ಮೋನು ಸ್ಟ್ರೈಗೊಲ್ಯಾಕ್ಟೋನ್ ಎಂದವು. ಭತ್ತದಲ್ಲಿ ಅದರ ಗ್ರಾಹಕ ಡಿ14, ಒಡೆಯಲ್ಪಡುವ ತಡೆ ಪ್ರೋಟೀನು ಡಿ53. ಮಣ್ಣಿನಲ್ಲಿ ರಂಜಕ ಕಡಿಮೆಯಾದರೆ ಈ ಹಾರ್ಮೋನು ಹೆಚ್ಚಿ ತೆಂಡೆ ಕಡಿಮೆಯಾಗುತ್ತದೆ.

2017ರಲ್ಲಿ ಗೆಬಿಸಾ ಎಜೆಟಾ ಅವರ ಪರ್ಡ್ಯೂ ತಂಡ ಎಲ್‌ಜಿಎಸ್1 ಜೀನ್ ಕಳೆದುಕೊಂಡ ಜೋಳದಲ್ಲಿ 5-ಡಿಆಕ್ಸಿಸ್ಟ್ರೈಗಾಲ್ ಎಂಬ ಸ್ಟ್ರೈಗೊಲ್ಯಾಕ್ಟೋನ್ ಬದಲು ಒರೊಬ್ಯಾಂಕಾಲ್ ಎಂಬ ಇನ್ನೊಂದು ಹೊರಬರುತ್ತದೆ, ಅದಕ್ಕೆ ಸ್ಟ್ರೈಗಾ ಅಷ್ಟಾಗಿ ಮೊಳೆಯುವುದಿಲ್ಲ ಎಂದು ತೋರಿಸಿತು. ಆದರೆ ಹೊರಸೂಸುವ ಈ ಅಣುಗಳೇ ತೆಂಡೆ ತಡೆಯುವ ಹಾರ್ಮೋನೂ ಹೌದೇ? 2022ರಲ್ಲಿ ಭತ್ತದ ಒಂದು ಜೀನ್ ಕೆಡಿಸಿ ಈ ಅಣುಗಳನ್ನು ಇಲ್ಲವಾಗಿಸಿದಾಗ ಗಿಡದ ತೆಂಡೆ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು, ಬೇರಿನ ಸ್ರಾವಕ್ಕೆ ಸ್ಟ್ರೈಗಾ ಮೊಳೆಯುವುದು ಮಾತ್ರ ತಗ್ಗಿತು. ಅದರಂತೆ ನೋಡಿದರೆ ಮಣ್ಣಿಗೆ ಕಳಿಸುವ ಸಂದೇಶ ಬೇರೆ, ಗಿಡದೊಳಗಿನ ಹಾರ್ಮೋನು ಬೇರೆ. ಒಳಗಿನ ಆ ಅಣು ಯಾವುದೆಂಬ ಹುಡುಕಾಟ ಇನ್ನೂ ನಡೆದಿದೆ.