ತಮಟೆಗೆ ನಾಚಿದ ಪಾದ್ರಿ

ಹಬ್ಬ ಅಂದರೆ ನಮಗೆ ಮೊದಲು ನೆನಪಾಗುವುದು ದೇವರಲ್ಲ, ತಮಟೆ ಕಾಯಿಸುವ ಹುಲ್ಲಿನ ಬೆಂಕಿ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಸುತ್ತಿನ ನಮ್ಮ ಸೀಮೆಯಲ್ಲಿ ಊರಹಬ್ಬ ಬಂತೆಂದರೆ ಕೇರಿಯ ಗಂಡಸರು ಹೊತ್ತು ಮುಳುಗುವ ಮೊದಲೇ ಒಂದು ಕಡೆ ಸೇರುತ್ತಾರೆ. ಒಣಹುಲ್ಲಿಗೆ ಬೆಂಕಿ ಕೊಟ್ಟು ಚರ್ಮ ಬಿಗಿಯಾಗುವ ತನಕ ತಮಟೆ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡಿ, ಇನ್ನೂ ಸಾಲದು ಅಂತ ಮತ್ತೆ ಹಿಡಿಯುತ್ತಾರೆ. ಆ ಸದ್ದು ಏಳದೆ ದೇವರು ಗುಡಿ ಬಿಟ್ಟು ಹೊರಡುವುದಿಲ್ಲ. ಹೊರಟ ಮೇಲೆ ಮಾತ್ರ ಆ ಸದ್ದು ಎಬ್ಬಿಸಿದವರು ಎಲ್ಲಿ ನಿಲ್ಲಬೇಕು, ಮೆರವಣಿಗೆ ಯಾವ ಬೀದಿಯ ತನಕ ಬಂದು ಎಲ್ಲಿ ಹಿಂದಕ್ಕೆ ತಿರುಗಬೇಕು ಅನ್ನುವುದು ಮೊದಲೇ ಗೊತ್ತಾದ ಲೆಕ್ಕ. ಯಾವ ಊರು ಅಂತ ಇಲ್ಲಿ ಬರೆಯುವುದಿಲ್ಲ. ಒಂದೇ ಊರಾಗಿದ್ದರೆ ಬರೆಯುತ್ತಿದ್ದೆವು.

ನಮ್ಮ ಮಾತಿನಲ್ಲಿ 'ಪರದೇಶಿ' ಅನ್ನುವ ಪದಕ್ಕೆ ಎರಡು ಅರ್ಥ. ಬೇರೆ ದೇಶದಿಂದ ಬಂದು ನೆಲೆಸಿದವನು ಪರದೇಶಿ. ಸ್ವಂತ ಊರಿನಲ್ಲೇ ದಿಕ್ಕುದೆಸೆ ಇಲ್ಲದವನೂ ಪರದೇಶಿ. ಈ ಇಬ್ಬರೂ ಒಂದೇ ಹಬ್ಬದಲ್ಲಿ ಎದುರುಬದುರಾದ ಚರಿತ್ರೆಯೊಂದು ಮೈಸೂರು ಸೀಮೆಯಲ್ಲಿದೆ. ಒಬ್ಬ ತಾನು ಕಂಡದ್ದನ್ನು ಬರೆದಿಟ್ಟು ಹೋದ. ಇನ್ನೊಬ್ಬನಿಗೆ ಏನನ್ನಿಸಿತು ಅಂತ ಆ ಬರಹದಲ್ಲಿಲ್ಲ. ಅದನ್ನು ಕೇಳುವ ಸಲುವಾಗಿಯೇ ಈ ಬರಹ.

ಬರೆದಿಟ್ಟು ಹೋದವನು ಅಬ್ಬೆ ದ್ಯುಬುವಾ, ಫ್ರಾನ್ಸಿನ ಪಾದ್ರಿ. 1792ರಲ್ಲಿ ಇಂಡಿಯಾಕ್ಕೆ ಬಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಯುದ್ಧದಲ್ಲೂ ಸೆರೆಯಲ್ಲೂ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸುವ ಕೆಲಸಕ್ಕಾಗಿ ಮೈಸೂರು ಸೀಮೆಗೆ ಬಂದ. 1823ರಲ್ಲಿ ಕಂಪನಿ ಸರ್ಕಾರದ ಪಿಂಚಣಿ ಪಡೆದು ಹಿಂದಿರುಗಿದ. ಇಲ್ಲಿದ್ದ ಮೂವತ್ತೊಂದು ವರ್ಷ ಈ ನೆಲದ ಬಟ್ಟೆ ತೊಟ್ಟ, ಈ ನೆಲದ ಊಟ ಉಂಡ. ಸಿಡುಬಿಗೆ ದಾಕು ಹಾಕಿಸಿದ. ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟ. ಜನ ಅವನನ್ನು 'ದೊಡ್ಡಸ್ವಾಮಿಯೋರು' ಅಂತ ಕರೆದರು. ಇದನ್ನೆಲ್ಲ ಅಲ್ಲಗಳೆಯುವ ಅಗತ್ಯ ನಮಗಿಲ್ಲ. ಒಳ್ಳೆಯ ಕೆಲಸ ಯಾರು ಮಾಡಿದರೂ ಒಳ್ಳೆಯ ಕೆಲಸವೇ.

ಇಲ್ಲಿನ ಜನರ ರೀತಿನೀತಿಗಳ ಮೇಲೆ ಅವನು ದೊಡ್ಡ ಪುಸ್ತಕವನ್ನೂ ಬರೆದ. ಅದರ ಹಸ್ತಪ್ರತಿಯನ್ನು ಕಂಪನಿಯವರು 2,000 ವರಹ ಕೊಟ್ಟು ಕೊಂಡರು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಆಳುವವರಿಗೆ ಆಳಿಸಿಕೊಳ್ಳುವವರ ಒಳಗುಟ್ಟು ಬೇಕಿತ್ತು, ಕೊಂಡರು. ಆ ಪುಸ್ತಕದ ದೊಡ್ಡ ಪಾಲು ಕೂರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿಕೊಂಡದ್ದು ಅಂತ 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ತೋರಿಸಿಕೊಟ್ಟರು. ನಾವು ಇಲ್ಲಿ ಹಿಡಿದಿರುವುದು ಅದನ್ನಲ್ಲ. ಊರಿಗೆ ಹೋಗುವ ವರ್ಷ, 1823ರಲ್ಲಿ, ಇಂಡಿಯಾದ ಕ್ರೈಸ್ತಮತದ ಸ್ಥಿತಿಗತಿ ಕುರಿತು ಅವನು ಬರೆದ ಕಾಗದಗಳು ಲಂಡನ್ನಿನಲ್ಲಿ ಪುಸ್ತಕವಾದವು. ಅದರಲ್ಲಿ ಹಬ್ಬದ ವಿವರ ಬರುತ್ತದೆ. ಅದು ಅವನು ಕಣ್ಣಾರೆ ಕಂಡ ಹಬ್ಬ.

ಏನು ಕಂಡ? ಇಲ್ಲಿನ ಕ್ರೈಸ್ತರು ತಮ್ಮ ಸಂತನ ಹಬ್ಬದಲ್ಲಿ ರಾತ್ರಿ ಹೊತ್ತು ಮೆರವಣಿಗೆ ತೆಗೆಯುತ್ತಾರೆ. ಹೂವಿನಲ್ಲಿ ಮುಚ್ಚಿದ ತೇರಿನ ಮೇಲೆ ಸಂತನ ವಿಗ್ರಹ. ಲೆಕ್ಕವಿಲ್ಲದಷ್ಟು ಪಂಜು, ಬಾಣಬಿರುಸು. ನೂರಾರು ತಮಟೆ, ಕಹಳೆ. ತೇರಿನ ಸುತ್ತ ಕುಣಿತ, ದೊಣ್ಣೆವರಸೆ, ಕೂಗಾಟ. ನೋಡಿದವರಿಗೆ ಇದು ಹಿಂದೂಗಳ ತೇರೋ ಕ್ರೈಸ್ತರ ತೇರೋ ಗೊತ್ತಾಗಬಾರದು, ಹಾಗಿತ್ತು. ಇದನ್ನೆಲ್ಲ ಬರೆದು, ಈ ಮೆರವಣಿಗೆಗಳನ್ನು ಕಂಡಾಗಲೆಲ್ಲ ತನಗೆ ನಾಚಿಕೆಯಾಗುತ್ತಿತ್ತು ಅಂತ ದೊಡ್ಡಸ್ವಾಮಿಯೋರು ಒಪ್ಪಿಕೊಳ್ಳುತ್ತಾನೆ.

ನಾಚಿಕೆ! ಯಾವುದಕ್ಕೆ? ತಮಟೆಗೆ, ಪಂಜಿಗೆ, ಕುಣಿತಕ್ಕೆ.

ಈಗ ಅವನ ಇನ್ನೊಂದು ಪುಸ್ತಕಕ್ಕೆ ಬನ್ನಿ. ಹೊಲೆಯರೂ ಪರೆಯರೂ ಪಡುವ ಪಾಡನ್ನು ಅವನು ಕಂಡಿದ್ದ, ಬರೆದಿದ್ದ. ಉಳಿದ ಜಾತಿಗಳ ಕೈಯಲ್ಲಿ ಅವರು ಜೀತದಾಳುಗಳಂತಿದ್ದಾರೆ ಅನ್ನುವುದು ಅವನಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದೂ, ಹಿಂದೂಗಳ ಕಟ್ಟಳೆಗಳಲ್ಲೆಲ್ಲ ಜಾತಿಕಟ್ಟು ಹಲವು ರೀತಿಯಲ್ಲಿ ಬಹಳ ಜಾಣತನದ್ದು, ಅದಿಲ್ಲದಿದ್ದರೆ ಈ ನಾಡು ಕೆಟ್ಟುಹೋಗುತ್ತಿತ್ತು ಅನ್ನುವ ಅಭಿಪ್ರಾಯಕ್ಕೆ ಬಂದ. ತಮಟೆಗೆ ನಾಚಿದವನು ಜಾತಿಗೆ ನಾಚಲಿಲ್ಲ. ನಾವು ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ಕಂಡದ್ದು ಇಷ್ಟೇ.

ಇದು ಒಬ್ಬ ದ್ಯುಬುವಾನ ತಪ್ಪಲ್ಲ, ಅವನ ಹಿಂದೆ ಇನ್ನೂರು ವರ್ಷದ ದಾರಿಯಿತ್ತು. 1606ರಲ್ಲಿ ಮಧುರೆಗೆ ಬಂದ ದೆ ನೊಬಿಲಿ ಎಂಬ ಜೆಸ್ವಿಟ್ ಪಾದ್ರಿ ಬ್ರಾಹ್ಮಣ ಸನ್ಯಾಸಿಯಂತೆ ಬದುಕಿದ. ಮೇಲುಜಾತಿಯವರು ಒಲಿದು ಬರಲಿ ಅಂತ ಜನಿವಾರ, ಗಂಧ ಎಲ್ಲಕ್ಕೂ ಜಾಗ ಕೊಟ್ಟ. 1623ರಲ್ಲಿ ರೋಮಿನ ಪೋಪ್ ಅದಕ್ಕೆ ಅಪ್ಪಣೆ ಕೊಟ್ಟರು. ಮುಂದೆ 1640ರ ಹೊತ್ತಿಗೆ ಕೆಳಜಾತಿಗಳ ನಡುವೆ ಓಡಾಡಲು 'ಪಂಡಾರಸ್ವಾಮಿ' ಅನ್ನುವ ಬೇರೆ ತರಹದ ಪಾದ್ರಿಗಳು ಬಂದರು. ಮೇಲಿನವರಿಗೆ ಒಬ್ಬ ಗುರು, ಕೆಳಗಿನವರಿಗೆ ಇನ್ನೊಬ್ಬ. ಏಸು ಒಬ್ಬನೇ, ಅವನ ಬಾಗಿಲು ಎರಡು.

ಪುದುಚೇರಿಗೆ ಬಂದಿದ್ದ ಪೋಪರ ಪ್ರತಿನಿಧಿ ದೆ ತೂರ್ನೊ 1704ರಲ್ಲಿ ಈ ಪದ್ಧತಿಗಳನ್ನು ಖಂಡಿಸಿ ಆಜ್ಞೆ ಹೊರಡಿಸಿದ. ಅದರಲ್ಲಿ ಒಂದು ಮಾತು ಕೇರಿಯ ಪರವಾಗಿತ್ತು: ಪರೆಯರು ಕಾಯಿಲೆ ಬಿದ್ದಾಗ ಪಾದ್ರಿಗಳು ಅವರ ಮನೆಗೇ ಹೋಗಿ ಸಂಸ್ಕಾರ ಕೊಡಬೇಕು. ಹಾಗೆ ಆಜ್ಞೆ ಮಾಡಬೇಕಾಗಿ ಬಂತು ಅಂದರೆ ಆ ತನಕ ಏನು ನಡೆಯುತ್ತಿತ್ತು ಅನ್ನುವುದನ್ನು ಓದುಗರೇ ಊಹಿಸಬಹುದು. ಅದೇ ಆಜ್ಞೆಯಲ್ಲಿ ಇನ್ನೊಂದು ಮಾತಿತ್ತು: ಕ್ರೈಸ್ತ ವಾದ್ಯಗಾರರು ಹಿಂದೂ ದೇವರುಗಳ ಹಬ್ಬಗಳಿಗೆ ಹೋಗಿ ಬಾರಿಸಕೂಡದು.

ಈ ಎರಡನೆಯ ಮಾತನ್ನು ತಮಟೆಯವನ ಕಡೆಯಿಂದ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ತಮಟೆ ಬಡಿಯುವುದು ಹವ್ಯಾಸವಾಗಿರಲಿಲ್ಲ. ಅದು ಬಿಟ್ಟಿಚಾಕರಿ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಪಡೆಯುವ ನಾಲ್ಕು ಮೊರ ರಾಗಿ ಅದಕ್ಕೆ ಕಟ್ಟಿದ ಬೆಲೆ. ಬಡಿಯಲ್ಲ ಅಂದವನಿಗೆ ರಾಗಿಯಿಲ್ಲ, ಮೇಲೆ ಏಟು. ಬಡಿದರೆ ರೋಮಿನ ಸಿಟ್ಟು, ಬಡಿಯದಿದ್ದರೆ ಗೌಡನ ಸಿಟ್ಟು. ದೇವರುಗಳ ನಡುವಿನ ಜಗಳದಲ್ಲಿ ಹೊಟ್ಟೆಗೆ ಏನು ಮಾಡಬೇಕು ಅಂತ ಆ ಆಜ್ಞೆ ಹೇಳಲಿಲ್ಲ.

ಅಂಥ ಮನುಷ್ಯನಿಗೆ ಒಂದು ರಾತ್ರಿ ತನ್ನದೇ ಸಂತ ಸಿಕ್ಕ, ತನ್ನದೇ ತೇರು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಆ ತನಕ ಪರರ ದೇವರಿಗೆ ಹೊಡೆದ ತಮಟೆಯನ್ನು ಅವನು ಆವತ್ತು ತನ್ನ ದೇವರಿಗೆ ಹೊಡೆದಿದ್ದರೆ ಮೆಲ್ಲಗೆ ಹೊಡೆಯುತ್ತಿದ್ದನೆ? ದ್ಯುಬುವಾನ ಕಿವಿಗೆ ಬಿದ್ದದ್ದು ಬರೀ ಗದ್ದಲ. ಆ ಗದ್ದಲ ಮಾಡಿದವರ ಜಾತಿ ಯಾವುದು, ತೇರಿನ ಹಗ್ಗ ಮುಟ್ಟಲು ಅವರಿಗೆ ಬಿಟ್ಟರೆ ಇಲ್ಲವೆ ಅನ್ನುವುದು ಆ ವಿವರದಲ್ಲಿಲ್ಲ. ನಮಗೆ ಬೇಕಾದದ್ದು ಅದೇ.

ಇಂಥದ್ದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1521ರಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದರು. ಅಲ್ಲಿ ತೆಪೆಯಾಕ್ ಗುಡ್ಡದ ಮೇಲೆ ಮೇರಿಮಾತೆಯ ಗುಡಿ ಎದ್ದಾಗ, ಸೋತ ಜನ ದೂರದೂರದಿಂದ ನಡೆದು ಬಂದರು. ಬಂದವರು ಅವಳನ್ನು ತಮ್ಮ ಹಳೆಯ ತಾಯಿದೇವತೆಯ ಹೆಸರಿನಿಂದ 'ತೊನಾಂತ್ಸಿನ್' ಅಂತಲೇ ಕರೆದರು. 1529ರಿಂದ ಅಲ್ಲೇ ನೆಲೆಸಿ ಆ ಜನರ ಭಾಷೆ ಕಲಿತಿದ್ದ ಸಹಗೂನ್ ಎಂಬ ಪಾದ್ರಿ ಇದನ್ನು ಕಂಡು ಶಂಕೆಪಟ್ಟು ಬರೆದ. ಅವನಿಗೂ ವಿಗ್ರಹದ ಹಿಂದೆ ಹಳೆಯ ದೇವರು ಅಡಗಿರುವುದೇ ಚಿಂತೆ. ಭೂಮಿ ಕಳಕೊಂಡ ಜನ ತಾಯಿಯ ಹೆಸರನ್ನಾದರೂ ಉಳಿಸಿಕೊಂಡರಲ್ಲ ಅಂತ ನಾವು ಅದನ್ನು ಓದುತ್ತೇವೆ.

ಒಂದು ವರ್ಷ ಸೆಪ್ಟೆಂಬರ್ 8ರಂದು ನಾವು ಕೆಲವರು ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿದ್ದೆವು. ಅಲ್ಲಿನ ಸಂತ ಮೇರಿ ಚರ್ಚಿನ ಈಗಿನ ಕಟ್ಟಡ 1875ರಲ್ಲಿ ಶುರುವಾಗಿ 1882ರಲ್ಲಿ ಮುಗಿದದ್ದು. 1973ರಲ್ಲಿ ಪೋಪ್ ಅದಕ್ಕೆ ಬೆಸಿಲಿಕಾ ಅನ್ನುವ ಪದವಿ ಕೊಟ್ಟರು. ಆಗಸ್ಟ್ 29ಕ್ಕೆ ಬಾವುಟ ಏರಿದರೆ ಮೇರಿಮಾತೆಯ ಹುಟ್ಟುಹಬ್ಬದ ದಿನ ತೇರು. ಮಾತೆಗೆ ಸೀರೆ ಉಡಿಸಿರುತ್ತಾರೆ. ಹರಕೆ ಹೊತ್ತ ಹೆಂಗಸರು ಕಾವಿ ಸೀರೆ ಉಟ್ಟು ಬರುತ್ತಾರೆ. ಬೇರೆ ಮತದವರೂ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಜೊತೆ ಕೇರಿಯ ಹಿರಿಯರೊಬ್ಬರಿದ್ದರು. ಐವತ್ತು ವರ್ಷ ತಮಟೆ ಹೊಡೆದವರು. ತೇರು ನೋಡಿ ನಕ್ಕರು.

"ಇಲ್ಲೂ ನಮ್ಮಂಗೇ ಕಣ್ಲಾ. ಚಕ್ರಕ್ಕೆ ಕಾಯಿ ಒಡೆಯೋದೊಂದಿಲ್ಲ ಅಷ್ಟೆ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ತಮಟೆ ಹೊಡೆಯೋನು ಒಳಕ್ ಹೋಗ್ಬೋದಾ?"

"ಹೋಗ್ಬೋದು ತಾತ."

ಹೋದರು. ಬೆಂಚಿನ ಮೇಲೆ ಕೂತರು. ಯಾರೂ ಏನೂ ಕೇಳಲಿಲ್ಲ. ಹೊರಗೆ ಬಂದವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಪಟ್ಟಣ್ದಾಗೆ ಕೇಳಲ್ಲ ಸರಿ. ಇವರ ಹಳ್ಳಿಗಳ್ನಾಗೂ ಕೇಳಲ್ವಾ?" ಅಂದರು.

ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಬರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಂಬೇಡ್ಕರ್ ಮುಖ್ಯರು. ಮತಾಂತರಗೊಂಡವರ ಸ್ಥಿತಿ ಕುರಿತ ಬರಹದಲ್ಲಿ, ಕ್ರೈಸ್ತರಾದ ಮೇಲೂ ಜಾತಿ ಬೆನ್ನು ಬಿಟ್ಟಿಲ್ಲ ಅಂತ ಅವರು ನಿಷ್ಠುರವಾಗಿ ಹೇಳಿದರು. 2016ರಲ್ಲಿ ಇಂಡಿಯಾದ ಕೆಥೊಲಿಕ್ ಬಿಷಪ್ಪರ ಸಭೆಯೇ ದಲಿತರ ಕುರಿತು ಒಂದು ನೀತಿಪತ್ರ ಹೊರಡಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ಅದೇ ಪತ್ರದ ಪ್ರಕಾರ ದೇಶದ 1 ಕೋಟಿ 90 ಲಕ್ಷ ಕೆಥೊಲಿಕರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರು. ಅಂದರೆ ಹಬ್ಬವೇ ಅವರದು. ಯಜಮಾನಿಕೆ ಮಾತ್ರ ಅವರದಲ್ಲ.

ಚರ್ಚು ಜಾತಿ ಇದೆ ಅನ್ನುತ್ತದೆ, ಸರ್ಕಾರ ಇಲ್ಲ ಅನ್ನುತ್ತದೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೆಯ ಕಂಡಿಕೆಯ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರೂ ದಲಿತ ಮುಸ್ಲಿಮರೂ ಹೊರಗೇ ಉಳಿದರು. ಆ ಕಂಡಿಕೆಯನ್ನು ತೆಗೆಯಿರಿ ಅಂತ 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ವರದಿ ಕೊಟ್ಟಿತು. ತೆಗೆಯಲಿಲ್ಲ. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ಬಂತು. ಅಪ್ಪನ ಕೈಯ ತಮಟೆ ಹಾಗೇ ಇದೆ, ಮಗನ ಕೈಯ ಸರ್ಟಿಫಿಕೇಟು ಇಲ್ಲ.

ಕನಕಪುರ ತಾಲ್ಲೂಕಿನ ಹಾರೋಬೆಲೆಗೆ ಬನ್ನಿ. ತಲೆಮಾರುಗಳಿಂದ ಕ್ರೈಸ್ತರು ಬಾಳುತ್ತಿರುವ ಹಳ್ಳಿ. 2019ರ ಡಿಸೆಂಬರ್ 25ರಂದು ಅಲ್ಲಿನ ಕಪಾಲಬೆಟ್ಟದಲ್ಲಿ 114 ಅಡಿಯ ಏಸು ಪ್ರತಿಮೆಗಾಗಿ ಜಮೀನಿನ ಹಕ್ಕುಪತ್ರ ಕೊಡುವ ಸಮಾರಂಭ ನಡೆಯಿತು. 2020ರ ಜನವರಿ 13ರಂದು ಅದನ್ನು ವಿರೋಧಿಸಿ ಕನಕಪುರದಲ್ಲಿ ಮೆರವಣಿಗೆ ನಡೆಯಿತು. ಪರದೇಶದ ಮತ, ಹೊರಗಿನವರು ಅನ್ನುವ ಮಾತುಗಳು ಆಗ ಧಾರಾಳವಾಗಿ ಬಂದವು. ಈ ಮಣ್ಣಿನಲ್ಲೇ ರಾಗಿ ಬೆಳೆದು ಈ ಮಣ್ಣಿನಲ್ಲೇ ಹೂಳಿಸಿಕೊಂಡವರ ಮಕ್ಕಳು ಪರದೇಶಿಗಳಾದರು! ಪ್ರತಿಮೆ ಎಷ್ಟು ಅಡಿ ಅನ್ನುವುದು ನಾಡಿಗೆಲ್ಲ ಗೊತ್ತಾಯಿತು. ಆ ಬೆಟ್ಟದ ಬುಡದ ಕೂಲಿಕಾರರಿಗೆ, ಅವರು ಯಾವ ಮತದವರೇ ಆಗಲಿ, ಎಷ್ಟು ಗುಂಟೆ ಜಮೀನಿದೆ ಅಂತ ಯಾರಾದರೂ ಕೇಳಿದ್ದು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಗೆಳೆಯರೇ, ಹಬ್ಬದ ಚರಿತ್ರೆಯನ್ನು ಇಲ್ಲಿಯ ತನಕ ಬರೆದವರು ಬಹುಪಾಲು ಜಗುಲಿಯ ಮೇಲೆ ನಿಂತು ನೋಡಿದವರು. ಕೆಲವರು ಹೊಗಳಿದರು, ಕೆಲವರು ನಾಚಿದರು. ಬೆಂಕಿಯ ಸುತ್ತ ಕೂತವರು ಬರೆಯಲಿಲ್ಲ, ಅವರ ಕೈಗೆ ಅಕ್ಷರ ಕೊಟ್ಟಿರಲಿಲ್ಲ. ಈಗ ಆ ನೆಪ ಇಲ್ಲ. ಹಳ್ಳಿಯಲ್ಲಿ ಪಾಠ ಹೇಳುವ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನಲ್ಲಿ ಓದುವ ಹುಡುಗ ಹುಡುಗಿಯರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಊರಹಬ್ಬಕ್ಕೆ, ಜಾತ್ರೆಗೆ, ಉರುಸಿಗೆ, ಸಂತನ ತೇರಿಗೆ ಒಂದು ನೋಟುಪುಸ್ತಕ ಹಿಡಿದು ಹೋಗಿ. ತಮಟೆ ಹೊಡೆದವರು ಯಾರು, ಅವರಿಗೆ ಕೊಟ್ಟದ್ದೆಷ್ಟು, ಕೊಟ್ಟದ್ದು ಕೈಗೋ ನೆಲಕ್ಕೋ, ಹಗ್ಗ ಹಿಡಿದವರು ಯಾರು, ತೇರು ಎಲ್ಲಿಂದ ಹಿಂದಕ್ಕೆ ತಿರುಗಿತು, ಪಂಕ್ತಿಯಲ್ಲಿ ಯಾರು ಕೊನೆಗೆ ಕೂತರು — ಇಷ್ಟನ್ನು ಬರೆದುಕೊಂಡು ಬನ್ನಿ. ಹೊಡೆಯುವುದನ್ನು ಬಿಟ್ಟವರಿದ್ದರೆ ಯಾಕೆ ಬಿಟ್ಟರು, ಬಿಟ್ಟಾಗ ಊರು ಏನು ಮಾಡಿತು ಅನ್ನುವುದನ್ನೂ ಕೇಳಿ ಬರೆಯಿರಿ.

ಆ ಹಿರಿಯರು ಈಗ ತಮಟೆ ಹೊಡೆಯುವುದಿಲ್ಲ. ಭುಜ ಸೋತಿದೆ. ಮೊಮ್ಮಗನಿಗೆ ಕಲಿಸುತ್ತಾರೆ, ಒಂದು ಕರಾರಿನ ಮೇಲೆ: "ಕರೆದ್ರೆ ಹೋಗು. ದೂರ ನಿಂತ್ಕೊಂಡು ಹೊಡಿ ಅಂದ್ರೆ, ಕಾಯಿಸಿದ್ದ ತಮಟೆ ತಣ್ಣಗಾದ್ರೂ ಚಿಂತೆಯಿಲ್ಲ, ವಾಪಸ್ ಬಾ."